ಹದಿಮೂರನೇ ಸಾಲು

ನನ್ನ ಫೋನಿನಲ್ಲಿ ಒಂದು ಆ್ಯಪ್ ಇತ್ತು. ಬೆಳಿಗ್ಗೆ ಐದೂವರೆಗೆ ಏಳೋದು, ಮೂರು ಲೀಟರ್ ನೀರು, ಇಪ್ಪತ್ತು ಪುಟ ಓದು, ಸಕ್ಕರೆ ಇಲ್ಲದ ಕಾಫಿ, ಹತ್ತು ನಿಮಿಷ ಧ್ಯಾನ, ಹೀಗೆ ಒಂಬತ್ತು ಸಾಲು. ಮಾಡಿದರೆ ಹಸಿರು ಟಿಕ್, ತಪ್ಪಿದರೆ ಬೂದು ಬಣ್ಣದ ಖಾಲಿ ಚೌಕ. ಒಂಬತ್ತನೇ ಸಾಲು 'ಅಮ್ಮನಿಗೆ ಫೋನ್'. ಒಂದು ರಾತ್ರಿ ಅಮ್ಮ ಊರಿನ ಸುದ್ದಿ ಹೇಳ್ತಾ ಇದ್ಲು. ಹಸು ಕರು ಹಾಕಿದ್ದು, ಪಕ್ಕದ ಮನೆಯವರ ಬೋರ್‌ವೆಲ್‌ನಲ್ಲಿ ನೀರು ನಿಂತಿದ್ದು, ತನ್ನ ಮಂಡಿ ನೋವು. ನಾನು ಫೋನನ್ನು ಸ್ಪೀಕರ್‌ಗೆ ಹಾಕಿ, ಆ್ಯಪ್ ತೆಗೆದು, ಒಂಬತ್ತನೇ ಸಾಲಿಗೆ ಟಿಕ್ ಹಾಕಿದೆ. ನನ್ನ 'ಹೂಂ' ಯಾವಾಗ ನಿಂತಿತೋ ಗೊತ್ತಿಲ್ಲ. "ಯಾಕಪ್ಪಾ, ಕೆಲಸದಲ್ಲಿದೀಯಾ? ಇಡ್ಲಾ?" ಅಂದಳು. "ಇಲ್ಲಮ್ಮಾ, ಹೇಳು" ಅನ್ನೋ ಹೊತ್ತಿಗೆ ಇಟ್ಟಿದ್ದಳು. ಆ ದಿನ ಒಂಬತ್ತಕ್ಕೆ ಒಂಬತ್ತೂ ಹಸಿರು.

ಆಗ ನಾನು ಓದುತ್ತಿದ್ದದ್ದು ಬೆಂಜಮಿನ್ ಫ್ರಾಂಕ್ಲಿನ್‌ನ ಆತ್ಮಕಥೆ. ಅದೂ ಇಪ್ಪತ್ತು ಪುಟದ ಟಿಕ್ಕಿಗಾಗಿಯೇ ಅನ್ನಿ. ಸೆಲ್ಫ್ ಹೆಲ್ಪ್ ಪುಸ್ತಕಗಳ ಸಹವಾಸ ಇರುವವರಿಗೆ ಈ ಹೆಸರು ಹೊಸದಲ್ಲ. ಸ್ಟೀಫನ್ ಕವಿ 1989ರಲ್ಲಿ ಬರೆದ 'ಸೆವೆನ್ ಹ್ಯಾಬಿಟ್ಸ್' ಪುಸ್ತಕ ಶುರುವಿನಲ್ಲೇ ಫ್ರಾಂಕ್ಲಿನ್‌ಗೆ ನಮಸ್ಕಾರ ಹಾಕುತ್ತದೆ. ಕವಿಯ ಕಂಪನಿ, ಫ್ರಾಂಕ್ಲಿನ್ ಹೆಸರಿನಲ್ಲಿ ಡೈರಿ-ಪ್ಲಾನರ್ ಮಾರುತ್ತಿದ್ದ ಇನ್ನೊಂದು ಕಂಪನಿ, ಎರಡೂ 1997ರಲ್ಲಿ ಒಂದಾದವು. ನಮ್ಮ ಆ್ಯಪ್‌ಗಳಿಗೆಲ್ಲ ಒಬ್ಬ ಮುತ್ತಾತ ಅಂತ ಇದ್ದರೆ ಅವನು ಈ ಫ್ರಾಂಕ್ಲಿನ್ನೇ.

ಈ ಮುತ್ತಾತನ ಪಟ್ಟಿ ಕ್ರೈಸ್ತ ಧರ್ಮದ ಮನೆಯಲ್ಲೇ ಹುಟ್ಟಿ ಬೆಳೆದದ್ದು. ಆದರೆ ಅದೇ ಧರ್ಮ ಆ ಪಟ್ಟಿಯನ್ನು ನೋಡಿ 'ಇಷ್ಟು ಸಾಲದು' ಅನ್ನುತ್ತದೆ. ನಾನು ಕ್ರೈಸ್ತನಲ್ಲ. ಬೆಳೆದದ್ದು ಶನಿವಾರ ಹನುಮಂತರಾಯನಿಗೆ ಕಾಯಿ ಒಡೆಸುವ ಮನೆಯಲ್ಲಿ. ಆದರೂ 'ಯಾಕೆ ಸಾಲದು?' ಅನ್ನೋ ಪ್ರಶ್ನೆ ಆ ರಾತ್ರಿಯ ಒಂಬತ್ತು ಹಸಿರು ಚೌಕ ನೋಡಿದ ಮೇಲೆ ನನ್ನದೂ ಆಯಿತು.

ಮೊದಲು ಪಟ್ಟಿಯನ್ನೇ ನೋಡೋಣ. ಫ್ರಾಂಕ್ಲಿನ್ ಹುಟ್ಟಿದ್ದು 1706ರಲ್ಲಿ, ಬಾಸ್ಟನ್ನಿನಲ್ಲಿ. ಅಪ್ಪ ಮೇಣದಬತ್ತಿ, ಸಾಬೂನು ಮಾಡುವವನು, ದೈವಭಕ್ತ. ಇಪ್ಪತ್ತು ದಾಟಿದ ಹೊತ್ತಿಗೆ ಮಗ ಫಿಲಡೆಲ್ಫಿಯಾದಲ್ಲಿ ಮುದ್ರಕನಾಗಿದ್ದ. ಆಗ ಅವನಿಗೊಂದು ದೊಡ್ಡ ಯೋಜನೆ ಹೊಳೆಯಿತು: ಒಂದೂ ತಪ್ಪು ಮಾಡದ ಮನುಷ್ಯನಾಗುವುದು. ತಮಾಷೆಗಲ್ಲ, ನಿಜವಾಗಲೂ. ಅದಕ್ಕೆ ಗುಣಗಳ ಪಟ್ಟಿ ಮಾಡಿದ. ಮಿತಾಹಾರ, ಮೌನ, ಅಚ್ಚುಕಟ್ಟು, ದೃಢನಿಶ್ಚಯ, ಮಿತವ್ಯಯ, ದುಡಿಮೆ, ಪ್ರಾಮಾಣಿಕತೆ, ನ್ಯಾಯ, ಮಿತಿ, ಶುಚಿ, ಸಮಾಧಾನ, ಶೀಲ. ಒಂದೊಂದು ಗುಣಕ್ಕೆ ಪುಟ್ಟ ಪುಸ್ತಕದಲ್ಲಿ ಒಂದೊಂದು ಪುಟ. ಕೆಂಪು ಶಾಯಿಯಲ್ಲಿ ಗೆರೆ ಎಳೆದು ವಾರಕ್ಕೆ ಏಳು ಕಂಬ, ಗುಣಗಳಿಗೆ ಅಡ್ಡ ಸಾಲು. ತಪ್ಪಿದಾಗ ಒಂದು ಕಪ್ಪು ಚುಕ್ಕಿ. ವಾರಕ್ಕೊಂದು ಗುಣದ ಮೇಲೆ ಹೆಚ್ಚು ಗಮನ. ಚುಕ್ಕಿ ಕೆರೆದು ಕೆರೆದು ಕಾಗದ ತೂತು ಬಿದ್ದಾಗ ದಂತದ ಹಾಳೆಗಳ ಮೇಲೆ ಗೆರೆ ಹಾಕಿಸಿ, ಪೆನ್ಸಿಲ್ಲಿನಲ್ಲಿ ಗುರುತು ಮಾಡಿ, ಒದ್ದೆ ಸ್ಪಂಜಿನಿಂದ ಒರೆಸತೊಡಗಿದ. ಮೂರು ಶತಮಾನದ ಹಿಂದಿನ ಗೂಗಲ್ ಶೀಟ್.

ಇದನ್ನೆಲ್ಲ ಅವನು ಬರೆದದ್ದು 1784ರಲ್ಲಿ, ಪ್ಯಾರಿಸ್ ಪಕ್ಕದ ಪಾಸಿಯಲ್ಲಿ, ಎಪ್ಪತ್ತೆಂಟನೇ ವಯಸ್ಸಿನಲ್ಲಿ. ಪುಸ್ತಕವಾಗಿ ಈ ಭಾಗದ ಸೊಗಸು ಇರುವುದು ಅವನ ಪ್ರಾಮಾಣಿಕತೆಯಲ್ಲಿ. ಸೋತಿದ್ದನ್ನು ಮುಚ್ಚಿಡುವುದಿಲ್ಲ. ಅಚ್ಚುಕಟ್ಟು ತನ್ನ ಕೈಗೆ ಹತ್ತಲೇ ಇಲ್ಲ ಅನ್ನುತ್ತಾನೆ. ಅದಕ್ಕೊಂದು ಕಥೆಯನ್ನೂ ಹೇಳುತ್ತಾನೆ. ಒಬ್ಬ ಕಮ್ಮಾರನ ಹತ್ತಿರ ಕೊಡಲಿ ಕೊಂಡ. ಬಾಯಿ ಹೊಳೆಯುವ ಹಾಗೆ ಇಡೀ ಕೊಡಲಿ ಹೊಳೆಯಬೇಕು ಅಂದ. ಕಮ್ಮಾರ 'ಆಗಲಿ, ಸಾಣೆ ಚಕ್ರ ನೀನೇ ತಿರುಗಿಸು' ಅಂದ. ತಿರುಗಿಸಿ ತಿರುಗಿಸಿ ತೋಳು ಬಿದ್ದುಹೋಯಿತು. ಎದ್ದು ಬಂದು ನೋಡಿದರೆ ಕೊಡಲಿ ಇನ್ನೂ ಚುಕ್ಕೆ ಚುಕ್ಕೆ. 'ಇರಲಿ ಬಿಡು, ನನಗೆ ಚುಕ್ಕೆ ಕೊಡಲಿಯೇ ಇಷ್ಟ' ಅಂತ ಹೊತ್ತುಕೊಂಡು ಹೋದ. ಜಿಮ್ ಮೆಂಬರ್‌ಶಿಪ್ ತಗೊಂಡು ಫೆಬ್ರವರಿಯಲ್ಲಿ ನಿಲ್ಲಿಸಿದ ಎಲ್ಲರಿಗೂ ಈ ಕೊಡಲಿಯ ಪರಿಚಯ ಇದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊಡಲಿಯಲ್ಲ. ಮೇಲೆ ನಾನು ಕೊಟ್ಟ ಗುಣಗಳನ್ನು ಎಣಿಸಿದರೆ ಹನ್ನೆರಡೇ ಸಿಗುತ್ತವೆ. ಫ್ರಾಂಕ್ಲಿನ್ ಮೊದಲು ಬರೆದದ್ದೂ ಹನ್ನೆರಡೇ. ಆಮೇಲೆ ಒಬ್ಬ ಕ್ವೇಕರ್ ಗೆಳೆಯ ಬಂದು ಮೆಲ್ಲಗೆ ಹೇಳಿದ: ನಿನ್ನನ್ನು ಜನ ಅಹಂಕಾರಿ ಅಂತಾರೆ, ಮಾತಿನಲ್ಲಿ ಗೆದ್ದರೆ ಸಾಲದು ನಿನಗೆ, ಎದುರಿನವನನ್ನು ತುಳಿಯಬೇಕು. ಉದಾಹರಣೆಗಳನ್ನೂ ಕೊಟ್ಟ. ಫ್ರಾಂಕ್ಲಿನ್ ಒಪ್ಪಿ ಹದಿಮೂರನೇ ಸಾಲು ಸೇರಿಸಿದ: ವಿನಯ. ಅದರ ವಿವರಣೆಯಾಗಿ ಯೇಸು ಮತ್ತು ಸಾಕ್ರೆಟಿಸ್, ಇಬ್ಬರ ಹಾಗೆ ಇರಬೇಕು ಅಂತ ಬರೆದುಕೊಂಡ.

ಈ ಸಾಲಿನ ಫಲಿತಾಂಶವನ್ನೂ ಅವನೇ ಹೇಳುತ್ತಾನೆ. ವಿನಯ ನಿಜಕ್ಕೂ ಬಂತು ಅಂತ ಜಂಭ ಕೊಚ್ಚಲಾರೆ, ಆದರೆ ವಿನಯದ ತೋರಿಕೆಯನ್ನು ಚೆನ್ನಾಗಿ ಕಲಿತೆ ಅನ್ನುತ್ತಾನೆ. 'ಖಂಡಿತ' ಅನ್ನುವ ಕಡೆ 'ನನಗೆ ಅನ್ನಿಸುವ ಮಟ್ಟಿಗೆ' ಅನ್ನುವುದನ್ನು ರೂಢಿ ಮಾಡಿಕೊಂಡ. ಮೀಟಿಂಗುಗಳಲ್ಲಿ ಇದರಿಂದ ಬಹಳ ಉಪಯೋಗವಾಯಿತಂತೆ. ಕೊನೆಗೆ ಒಪ್ಪಿಕೊಳ್ಳುತ್ತಾನೆ: ಅಹಂಕಾರವನ್ನು ಎಷ್ಟು ಹೊಡೆದರೂ ಅದು ಸಾಯುವುದಿಲ್ಲ. ಪೂರ್ತಿ ಗೆದ್ದೆ ಅನ್ನಿಸಿದ ದಿನ ನನ್ನ ವಿನಯದ ಬಗ್ಗೆಯೇ ನನಗೆ ಅಹಂಕಾರ ಬಂದಿರುತ್ತದೆ.

ಫ್ರಾಂಕ್ಲಿನ್ ಇದನ್ನು ನಗುತ್ತಾ ಹೇಳಿ ಮುಂದೆ ಹೋಗುತ್ತಾನೆ. ಕ್ರೈಸ್ತ ಚಿಂತನೆ ಅಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತದೆ. ಅದರ ಪ್ರಕಾರ ಇದು ಹದಿಮೂರರಲ್ಲಿ ಒಂದು ಸಾಲಿನ ಸೋಲಲ್ಲ. ಉಳಿದ ಹನ್ನೆರಡರಲ್ಲಿ ಗೆದ್ದ ಅಂಕಗಳೆಲ್ಲ ಹೋಗಿ ಜಮೆಯಾಗುವುದು ಈ ಹದಿಮೂರನೆಯದರ ಖಾತೆಗೆ. ಕಡಿಮೆ ತಿಂದೆ, ಬೇಗ ಎದ್ದೆ, ಸುಳ್ಳು ಹೇಳಲಿಲ್ಲ. ಸರಿ, ಈಗ 'ನಾನು' ಎಷ್ಟು ದೊಡ್ಡವನಾದೆ? ಕಾಯಿಲೆ ಇರುವುದು ಆ 'ನಾನು' ಅನ್ನೋದರಲ್ಲಿ, ಔಷಧಿ ಕೊಡುತ್ತಿರುವುದೂ ಅದೇ 'ನಾನು'.

ಯೇಸು ಹೇಳಿದ ಒಂದು ಸಾಮ್ಯ ಕಥೆ ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ದೇವಾಲಯಕ್ಕೆ ಇಬ್ಬರು ಬರುತ್ತಾರೆ. ಒಬ್ಬ ಫರಿಸಾಯ, ಆಚಾರವಂತ. ವಾರಕ್ಕೆರಡು ಉಪವಾಸ, ಆದಾಯದಲ್ಲಿ ಹತ್ತರಲ್ಲೊಂದು ಪಾಲು ದಾನ, ಇದನ್ನೆಲ್ಲ ದೇವರ ಮುಂದೆ ಒಪ್ಪಿಸುತ್ತಾನೆ. ಉಳಿದವರ ಹಾಗೆ, ಅಗೋ ಅಲ್ಲಿ ನಿಂತಿದ್ದಾನಲ್ಲ ಆ ಸುಂಕದವನ ಹಾಗೆ, ನಾನಿಲ್ಲ ಅಂತ ಕೃತಜ್ಞತೆಯನ್ನೂ ಹೇಳುತ್ತಾನೆ. ಆ ಸುಂಕದವನು ದೂರ ನಿಂತು, ತಲೆಯೆತ್ತದೆ, ಎದೆ ಬಡಿದುಕೊಂಡು ಕರುಣೆ ಕೇಳುತ್ತಾನೆ, ಅಷ್ಟೆ. ನೀತಿವಂತನಾಗಿ ಮನೆಗೆ ಹೋದವನು ಎರಡನೆಯವನು ಅಂತ ಯೇಸು ತೀರ್ಪು ಕೊಡುತ್ತಾನೆ. ಗಮನಿಸಿ, ಫರಿಸಾಯನ ಲೆಕ್ಕ ಸುಳ್ಳು ಅಂತ ಕಥೆ ಹೇಳುವುದಿಲ್ಲ. ಉಪವಾಸ ನಿಜ, ದಾನ ನಿಜ, ಸ್ಟ್ರೀಕ್ ಒಂದು ದಿನವೂ ಮುರಿದಿಲ್ಲ. ಡೇಟಾ ಸರಿಯಾಗಿದೆ. ಆದರೆ ಆ ಡೇಟಾ ಅವನಿಗೆ ಪಕ್ಕದವನನ್ನು ಕೀಳಾಗಿ ಕಾಣಲು ಒಂದು ಮೆಟ್ಟಿಲು ಕೊಟ್ಟಿದೆ.

ಇದೇ ಜಗಳ ಐದನೇ ಶತಮಾನದ ಆರಂಭದಲ್ಲಿ ದೊಡ್ಡದಾಗಿ ನಡೆಯಿತು. ಬ್ರಿಟನ್ನಿನಿಂದ ರೋಮಿಗೆ ಬಂದ ಪೆಲೇಜಿಯಸ್ ಅನ್ನುವ ಸಾಧಕ ಅಲ್ಲಿನ ಕ್ರೈಸ್ತರ ಸಡಿಲ ಬದುಕು ನೋಡಿ ಬೇಸತ್ತ. ದೇವರು ಆಜ್ಞೆ ಕೊಟ್ಟಿದ್ದಾನೆ ಅಂದರೆ ಅದನ್ನು ಪಾಲಿಸುವ ಶಕ್ತಿಯನ್ನೂ ಕೊಟ್ಟಿದ್ದಾನೆ, ನೆಪ ಹೇಳದೆ ಮಾಡಿ, ಇದು ಅವನ ವಾದ. ಕೇಳಲಿಕ್ಕೆ ನ್ಯಾಯವಾಗಿದೆ. ನಮ್ಮ ಮ್ಯಾನೇಜರುಗಳೂ ಇದನ್ನೇ ಹೇಳೋದು. ಉತ್ತರ ಆಫ್ರಿಕದ ಹಿಪ್ಪೋ ಊರಿನ ಬಿಷಪ್ ಅಗಸ್ಟೀನ್ ಇದನ್ನು ಒಪ್ಪಲಿಲ್ಲ. ಅವನು ಅದಕ್ಕೂ ಮುಂಚೆಯೇ 'ಕನ್ಫೆಷನ್ಸ್' ಪುಸ್ತಕದಲ್ಲಿ ತನ್ನ ಅನುಭವ ಬರೆದಿದ್ದ. ಕೈ ಎತ್ತು ಅಂತ ಮನಸ್ಸು ಹೇಳಿದರೆ ಕೈ ತಕ್ಷಣ ಏಳುತ್ತದೆ, ಅದೇ ಮನಸ್ಸು ತನಗೆ ತಾನೇ 'ಬಯಸು' ಅಂತ ಹೇಳಿಕೊಂಡರೆ ಮಾತ್ರ ಕೇಳುವುದಿಲ್ಲ, ಇದೆಂಥ ವಿಚಿತ್ರ ಅಂತ ಅವನು ತಲೆ ಕೆಡಿಸಿಕೊಳ್ಳುತ್ತಾನೆ. ಒಳ್ಳೆಯದನ್ನು ಮಾಡುವುದು ಒಂದು, ಒಳ್ಳೆಯದನ್ನು ಬಯಸುವುದು ಇನ್ನೊಂದು. ಮೊದಲನೆಯದನ್ನು ಅಭ್ಯಾಸದಿಂದ ಸಾಧಿಸಬಹುದು. ಎರಡನೆಯದು ಕೊಟ್ಟರೆ ಬರುವಂಥದ್ದು. ಅದಕ್ಕೆ ಕ್ರೈಸ್ತರು ಇಟ್ಟ ಹೆಸರು ಕೃಪೆ. 418ರಲ್ಲಿ ಕಾರ್ಥೇಜಿನ ಸಭೆ ಪೆಲೇಜಿಯಸ್ಸನ ವಾದವನ್ನು ತಳ್ಳಿಹಾಕಿತು.

ನಮಗೆ ಇದು ಅಷ್ಟೇನೂ ಹೊರಗಿನ ಮಾತಲ್ಲ. ಶ್ರೀವೈಷ್ಣವರಲ್ಲಿ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ಅಂತ ಎರಡಿವೆ. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ದೇವರೂ ಕ್ರಿಸ್ತನೂ ಬೇರೆ ಬೇರೆ, ಎರಡನ್ನೂ ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಪ್ರಶ್ನೆಯ ಆಕಾರ ನಮ್ಮ ಅಂಗಳದಲ್ಲೂ ಇತ್ತು. ವ್ಯತ್ಯಾಸ ಏನೆಂದರೆ ಫ್ರಾಂಕ್ಲಿನ್ನನ ಪಟ್ಟಿಯಲ್ಲಿ ಹಿಡಿದುಕೊಳ್ಳಲು ತಾಯಿಯೇ ಇಲ್ಲ. ಕೋತಿಮರಿ ತನ್ನನ್ನು ತಾನೇ ತಬ್ಬಿಕೊಂಡು ಕೊಂಬೆಯಿಂದ ಕೊಂಬೆಗೆ ಹಾರಬೇಕು.

'ಹಾಗಾದರೆ ಕ್ರೈಸ್ತರು ಪ್ರಯತ್ನವೇ ಬೇಡ ಅಂತಾರಾ?' ಅಂತ ಕೇಳಬಹುದು. ಇದಕ್ಕೆ ಉತ್ತರ ಫ್ರಾಂಕ್ಲಿನ್ನನ ಕಾಲದಲ್ಲೇ, ಅದೇ ಸೀಮೆಯಲ್ಲೇ ಇದೆ. ಅವನಿಗಿಂತ ಮೂರು ವರ್ಷಕ್ಕೆ ಹಿರಿಯ ಜೋನಾಥನ್ ಎಡ್ವರ್ಡ್ಸ್ 1703ರಲ್ಲಿ ಕನೆಕ್ಟಿಕಟ್‌ನಲ್ಲಿ ಹುಟ್ಟಿದ. ಮುಂದೆ ಅಮೆರಿಕದ ಬಹು ದೊಡ್ಡ ದೇವತಾಶಾಸ್ತ್ರಜ್ಞ ಅನ್ನಿಸಿಕೊಂಡ. ಹತ್ತೊಂಬತ್ತರ ಆಸುಪಾಸಿನಲ್ಲಿ, 1722-23ರಲ್ಲಿ, ಅವನೂ ಒಂದು ಪಟ್ಟಿ ಮಾಡಿದ. ಹದಿಮೂರಲ್ಲ, 70 ನಿರ್ಣಯಗಳು. ಒಂದು ಕ್ಷಣವೂ ಹಾಳು ಮಾಡಬಾರದು ಅನ್ನುವುದರಿಂದ ಹಿಡಿದು ಊಟ ಮಾಡುವ ರೀತಿಯ ತನಕ. ವಾರಕ್ಕೊಮ್ಮೆ ಎಲ್ಲವನ್ನೂ ಓದಬೇಕು ಅಂತ ಕಟ್ಟು ಹಾಕಿಕೊಂಡ. ಡೈರಿಯಲ್ಲಿ ವಾರದ ಲೆಕ್ಕವನ್ನೂ ಇಟ್ಟ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಟೇಬಲ್, ಒಂದೇ ಸ್ಕೀಮಾ. ಆದರೆ ಎಡ್ವರ್ಡ್ಸ್‌ನ ಪಟ್ಟಿಗೆ ಒಂದು ತಲೆಬರಹ ಇದೆ: ದೇವರ ಸಹಾಯ ಇಲ್ಲದೆ ನನ್ನ ಕೈಲಿ ಏನೂ ಆಗದು, ಆದ್ದರಿಂದ ಈ ನಿರ್ಣಯಗಳನ್ನು ಪಾಲಿಸುವ ಶಕ್ತಿ ಕೊಡು ಅಂತ ಬೇಡುತ್ತೇನೆ ಅನ್ನುವ ಅರ್ಥದ್ದು.

ಆ ತಲೆಬರಹವನ್ನು ಶಾಸ್ತ್ರಕ್ಕೆ ಬರೆದದ್ದು ಅಂದುಕೊಂಡಿದ್ದೆ, ನಾವು ಕೋಡಿನ ಮೇಲೆ ಕಾಪಿರೈಟ್ ಕಾಮೆಂಟ್ ಹಾಕುವ ಹಾಗೆ. ಆದರೆ 1723ರ ಜನವರಿಯಲ್ಲಿ ಅವನು ಡೈರಿಯಲ್ಲಿ, ಎಷ್ಟು ನಿರ್ಣಯ ಮಾಡಿದರೂ ಏನೇನು ಉಪಾಯ ಹೂಡಿದರೂ ಪವಿತ್ರಾತ್ಮನ ಪ್ರೇರಣೆ ಇಲ್ಲದೆ ಎಲ್ಲ ಸೊನ್ನೆ ಅಂತ ಮಂಕಾಗಿ ಬರೆದುಕೊಳ್ಳುತ್ತಾನೆ. ಹಲವು ವರ್ಷ ಬಿಟ್ಟು ತನ್ನ ಆ ದಿನಗಳನ್ನು ನೆನೆಯುವಾಗ, ತಲೆಬರಹ ಬರೆದಿದ್ದರೂ ಒಳಗೊಳಗೆ ನನ್ನ ಬಲವನ್ನೇ ನಂಬಿದ್ದೆ, ಅದರಿಂದ ನನಗೆ ಹಾನಿಯಾಯಿತು ಅನ್ನುತ್ತಾನೆ. ಎಂಥ ಗಟ್ಟಿ ಸಾಧಕ ನೋಡಿ. ಅವನಿಗೇ ಪಟ್ಟಿ ಮೋಸ ಮಾಡಿತು.

ವಿಮರ್ಶಕರು ಬಹಳ ದಿನದಿಂದ ಹೇಳುತ್ತಾ ಬಂದಿರುವ ಒಂದು ಮಾತು ಇಲ್ಲಿ ಅರ್ಥವಾಗುತ್ತದೆ. ಆ ಸೀಮೆಯ ಪ್ಯೂರಿಟನ್ ಕ್ರೈಸ್ತರಲ್ಲಿ ದಿನವೂ ತಪ್ಪುಗಳ ಡೈರಿ ಬರೆಯುವ ರೂಢಿ ಇತ್ತು. ಫ್ರಾಂಕ್ಲಿನ್ ಆ ಗಾಳಿಯಲ್ಲೇ ಬೆಳೆದವನು. ಕಾಟನ್ ಮ್ಯಾದರ್ ಎಂಬ ಪಾದ್ರಿ ಒಳಿತು ಮಾಡುವ ಬಗ್ಗೆ ಬರೆದ ಪುಸ್ತಕ ತನ್ನನ್ನು ರೂಪಿಸಿತು ಅಂತ ಅವನೇ ಹೇಳಿದ್ದಾನೆ. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಪ್ರಾಟೆಸ್ಟಂಟ್ ನೀತಿಯ ಬಗ್ಗೆ 1904-05ರಲ್ಲಿ ಬರೆದಾಗ ಬಂಡವಾಳದ ಮನೋಧರ್ಮಕ್ಕೆ ಉದಾಹರಣೆಯಾಗಿ ಹಿಡಿದದ್ದೂ ಫ್ರಾಂಕ್ಲಿನ್ನನ್ನೇ. ಪ್ಯೂರಿಟನ್ ಡೈರಿಯಲ್ಲಿ ಚುಕ್ಕಿಗಳ ಕೆಲಸ 'ನನ್ನಿಂದ ಆಗುತ್ತಿಲ್ಲ' ಅಂತ ತೋರಿಸಿ ಮನುಷ್ಯನನ್ನು ಹೊರಕ್ಕೆ, ದೇವರ ಕಡೆಗೆ ತಿರುಗಿಸುವುದು. ಫ್ರಾಂಕ್ಲಿನ್ ಡೈರಿಯನ್ನು ಇಟ್ಟುಕೊಂಡು ತಿರುವನ್ನು ತೆಗೆದುಬಿಟ್ಟ. ಆಮೇಲೆ ಚುಕ್ಕಿಗೆ ಉಳಿದ ಅರ್ಥ ಒಂದೇ: ನಾಳೆ ಇನ್ನೂ ಜೋರಾಗಿ ಪ್ರಯತ್ನಿಸು. ನಮ್ಮ ಕೈಗೆ ಬಂದಿರುವುದು ಈ ಎರಡನೇ ವರ್ಶನ್.

ಕ್ರೈಸ್ತರು ಹೇಳುವುದು ಪ್ರಯತ್ನ ಬೇಡ ಅಂತಲ್ಲ, ಕ್ರಮ ತಿರುಗಿಸಿ ಅಂತ. ನಮ್ಮ ಆಫೀಸಿನಲ್ಲಿ ಮೊದಲು ಕೆಲಸ, ಆಮೇಲೆ ಅಪ್ರೈಸಲ್, ಆಮೇಲೆ ನೀನು ಬೇಕೋ ಬೇಡವೋ ಅನ್ನುವ ತೀರ್ಮಾನ. ಮನೆಯಲ್ಲಿ ಹಾಗಲ್ಲ. ಕೂಸು ಹುಟ್ಟಿದ ದಿನವೇ ಅದು ಮನೆಯದು. ನಡೆಯುವುದು, ಮಾತಾಡುವುದು, ಸುಳ್ಳು ಹೇಳದಿರುವುದು ಎಲ್ಲ ಆಮೇಲೆ, ಆ ಧೈರ್ಯದ ಮೇಲೆ. ಶಿಲುಬೆಯಲ್ಲಿ ನಿನ್ನ ಅಪ್ರೈಸಲ್ ಮುಗಿದುಹೋಗಿದೆ, ಈಗ ಭಯವಿಲ್ಲದೆ ಕೆಲಸ ಮಾಡು ಅನ್ನುವುದು ಆ ಧರ್ಮದ ತಿರುಳು ಅಂತ ನನಗೆ ಅರ್ಥವಾದದ್ದು. ಅದಕ್ಕೇ ಫ್ರಾಂಕ್ಲಿನ್ ಯೇಸುವನ್ನು ಸಾಕ್ರೆಟಿಸ್ ಪಕ್ಕದಲ್ಲಿ ಒಳ್ಳೆಯ ಮಾದರಿಯಾಗಿ ಕೂರಿಸಿದಾಗ ಕ್ರೈಸ್ತರಿಗೆ ಅದು ಸಾಲದು. ನೀರಿನಲ್ಲಿ ಮುಳುಗುತ್ತಿರುವವನಿಗೆ ದಡದಿಂದ ಚೆನ್ನಾಗಿ ಈಜಿ ತೋರಿಸುವವನು ಬೇಕಾಗಿಲ್ಲ.

ಈ ಮಾತನ್ನು ಫ್ರಾಂಕ್ಲಿನ್ ಕೇಳಿಯೇ ಇರಲಿಲ್ಲ ಅಂತಲ್ಲ. ಅವನ ಸ್ನೇಹಿತರಲ್ಲಿ ಒಬ್ಬ ಜಾರ್ಜ್ ವಿಟ್‌ಫೀಲ್ಡ್, ಆ ಕಾಲದ ಅತಿ ದೊಡ್ಡ ಬೋಧಕ. 1739ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದು ಬಯಲಿನಲ್ಲಿ ಬೋಧಿಸಿದ. ಫ್ರಾಂಕ್ಲಿನ್ ಹಿಂದಕ್ಕೆ ಹಿಂದಕ್ಕೆ ನಡೆದು, ದನಿ ಎಲ್ಲಿಯ ತನಕ ಕೇಳುತ್ತದೆ ಅಂತ ಅಳೆದು, ಮೂವತ್ತು ಸಾವಿರಕ್ಕೂ ಹೆಚ್ಚು ಜನ ಕೇಳಬಹುದು ಅಂತ ಲೆಕ್ಕ ಹಾಕಿದ. ಎಲ್ಲರೂ ಅಳುತ್ತಿರುವಾಗ ಇವನು ಲೋಡ್ ಟೆಸ್ಟಿಂಗ್ ಮಾಡುತ್ತಿದ್ದ. ವಿಟ್‌ಫೀಲ್ಡ್ ಜಾರ್ಜಿಯಾದಲ್ಲಿ ಅನಾಥಾಲಯ ಕಟ್ಟಲು ಹಣ ಕೂಡಿಸುತ್ತಿದ್ದ. ಅಲ್ಲಿ ಕಟ್ಟಬೇಡ, ಫಿಲಡೆಲ್ಫಿಯಾದಲ್ಲೇ ಕಟ್ಟಿ ಮಕ್ಕಳನ್ನು ಇಲ್ಲಿಗೆ ಕರೆತಾ ಅಂತ ಫ್ರಾಂಕ್ಲಿನ್ ಸಲಹೆ ಕೊಟ್ಟಿದ್ದ. ಅವನು ಕೇಳದ್ದಕ್ಕೆ ಒಂದು ಕಾಸೂ ಕೊಡಬಾರದು ಅಂದುಕೊಂಡು ಬೋಧನೆಗೆ ಹೋದ. ಬೋಧನೆ ಸಾಗಿದ ಹಾಗೆ ತಾಮ್ರದ ಕಾಸು ಕೊಡೋಣ ಅನ್ನಿಸಿತು, ಆಮೇಲೆ ಬೆಳ್ಳಿ, ಕೊನೆಗೆ ಚಿನ್ನ ಸೇರಿ ಇಡೀ ಜೇಬನ್ನೇ ತಟ್ಟೆಗೆ ಸುರಿದ. ಮಿತವ್ಯಯ ಅನ್ನುವ ಸಾಲಿಗೆ ಆ ದಿನ ಚುಕ್ಕಿ ಬಿತ್ತೋ ಇಲ್ಲವೋ!

1752ರಲ್ಲಿ, ವಿದ್ಯುತ್ತಿನ ಪ್ರಯೋಗಗಳಿಂದ ಫ್ರಾಂಕ್ಲಿನ್ ಹೆಸರಾಗಿದ್ದಾಗ, ವಿಟ್‌ಫೀಲ್ಡ್ ಅವನಿಗೆ ಕಾಗದ ಬರೆದ: ವಿದ್ಯುತ್ತಿನ ರಹಸ್ಯ ಇಷ್ಟು ತಿಳಿದುಕೊಂಡೆ, ಹೊಸ ಹುಟ್ಟಿನ ರಹಸ್ಯವನ್ನೂ ಅಷ್ಟೇ ಶ್ರದ್ಧೆಯಿಂದ ಅಭ್ಯಾಸ ಮಾಡು ಅಂತ. ತನ್ನ ಮಾನಸಾಂತರಕ್ಕಾಗಿ ಅವನು ಪ್ರಾರ್ಥಿಸುತ್ತಿದ್ದ, ಆದರೆ ಪ್ರಾರ್ಥನೆ ಫಲಿಸಿತು ಅನ್ನುವ ಸಮಾಧಾನ ಅವನಿಗೆ ಸಿಗಲಿಲ್ಲ ಅಂತ ಫ್ರಾಂಕ್ಲಿನ್ ಆತ್ಮಕಥೆಯಲ್ಲಿ ಪ್ರೀತಿಯಿಂದಲೇ ಬರೆಯುತ್ತಾನೆ. 1770ರಲ್ಲಿ ವಿಟ್‌ಫೀಲ್ಡ್ ಸಾಯುವ ತನಕ ಸ್ನೇಹ ಉಳಿಯಿತು.

ಇಲ್ಲಿಗೆ ಬರಹ ಮುಗಿಸಿದ್ದರೆ ಕಥೆ ಅಚ್ಚುಕಟ್ಟಾಗಿರುತ್ತಿತ್ತು: ಪಟ್ಟಿ ಸೋತಿತು, ಕೃಪೆ ಗೆದ್ದಿತು. ಆದರೆ ಇತಿಹಾಸ ಹಾಗೆ ಬಿಡುವುದಿಲ್ಲ.

ಕೃಪೆಯನ್ನು ಬೋಧಿಸಿದ ಎಡ್ವರ್ಡ್ಸ್ 1731ರಲ್ಲಿ ನ್ಯೂಪೋರ್ಟ್‌ಗೆ ಹೋಗಿ ವೀನಸ್ ಎಂಬ ಹದಿಹರೆಯದ ಕಪ್ಪು ಹುಡುಗಿಯನ್ನು ಗುಲಾಮಳಾಗಿ ಕೊಂಡು ತಂದ. 70 ನಿರ್ಣಯಗಳಲ್ಲಿ ಒಂದೂ ಅವನ ಕೈ ಹಿಡಿಯಲಿಲ್ಲ. ವಿಟ್‌ಫೀಲ್ಡ್ ಮೊದಲು ಗುಲಾಮರನ್ನು ಹಿಂಸಿಸುವ ಧಣಿಗಳನ್ನು ಬಯ್ದು ಬರೆದವನು, ಆಮೇಲೆ ಜಾರ್ಜಿಯಾದಲ್ಲಿ ಗುಲಾಮಗಿರಿಗೆ ಅನುಮತಿ ಬೇಕು ಅಂತ ವಾದಿಸಿದ. 1751ರಲ್ಲಿ ಅಲ್ಲಿ ನಿಷೇಧ ತೆಗೆದರು. ಫ್ರಾಂಕ್ಲಿನ್ ಜೇಬು ಸುರಿದನಲ್ಲ, ಅದೇ ಅನಾಥಾಲಯದಲ್ಲಿ ಗುಲಾಮರು ದುಡಿದರು. ಇತ್ತ ಫ್ರಾಂಕ್ಲಿನ್? ಅವನ ಮನೆಯಲ್ಲೂ ಗುಲಾಮರಿದ್ದರು, ಅವನ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತು ಬರುತ್ತಿತ್ತು. ಪಟ್ಟಿಯ ಎಂಟನೇ ಸಾಲು 'ನ್ಯಾಯ' ಅಂತ ಇತ್ತು, ನೆನಪಿರಲಿ. ಆದರೆ ಅವನು ಬದಲಾದ. 1787ರಲ್ಲಿ ಪೆನ್ಸಿಲ್ವೇನಿಯಾದ ಗುಲಾಮಗಿರಿ ವಿರೋಧಿ ಸಂಘಕ್ಕೆ ಅಧ್ಯಕ್ಷನಾದ. 1790ರ ಫೆಬ್ರವರಿಯಲ್ಲಿ, ಸಾಯುವುದಕ್ಕೆ ಎರಡು ತಿಂಗಳ ಮುಂಚೆ, ಗುಲಾಮಗಿರಿ ತೆಗೆಯಿರಿ ಅಂತ ಅಮೆರಿಕದ ಕಾಂಗ್ರೆಸ್ಸಿಗೆ ಹೋದ ಅರ್ಜಿಗೆ ಸಹಿ ಹಾಕಿದ.

ಹಾಗಾದರೆ ಪಟ್ಟಿಯವನೇ ಗೆದ್ದನಲ್ಲ! ನಾನೂ ಇಲ್ಲಿ ಬಹಳ ಹೊತ್ತು ನಿಂತೆ. ಆಮೇಲೆ ಕೇಳಿಕೊಂಡೆ, ಅವನನ್ನು ಬದಲಾಯಿಸಿದ್ದು ಪಟ್ಟಿಯಾ? 1738ರ ಹೊತ್ತಿಗೆ ಬೆಂಜಮಿನ್ ಲೇ ಎಂಬ ಕ್ವೇಕರ್ ಗುಲಾಮರನ್ನು ಇಟ್ಟುಕೊಂಡವರನ್ನು ಧರ್ಮಭ್ರಷ್ಟರು ಅಂತ ಕರೆದು ಬರೆದ ಪುಸ್ತಕವನ್ನು ಫ್ರಾಂಕ್ಲಿನ್ ಅಚ್ಚು ಹಾಕಿದ್ದ, ಮುದ್ರಕನ ಹೆಸರು ಹಾಕದೆ. 1763ರಲ್ಲಿ ಫಿಲಡೆಲ್ಫಿಯಾದ ಕಪ್ಪು ಮಕ್ಕಳ ಶಾಲೆಗೆ ಹೋಗಿ, ಅವರು ಕಲಿಯುವುದನ್ನು ಕಣ್ಣಾರೆ ನೋಡಿ, ತನ್ನ ಅಭಿಪ್ರಾಯ ಬದಲಾಯಿತು ಅಂತ ಕಾಗದ ಬರೆದ. ಆಂಥನಿ ಬೆನೆಜೆಟ್ ಎಂಬ ಇನ್ನೊಬ್ಬ ಕ್ವೇಕರ್ ವರ್ಷಗಟ್ಟಲೆ ಅವನ ಬೆನ್ನು ಬಿಡಲಿಲ್ಲ. ಎಲ್ಲ ಹೊರಗಿನಿಂದ ಬಂದವರು. ದಂತದ ಹಾಳೆಯ ಮೇಲೆ ಈ ತಪ್ಪಿಗೆ ಸಾಲೇ ಇರಲಿಲ್ಲ. ಇಲ್ಲದ ಸಾಲಿಗೆ ಚುಕ್ಕಿ ಹಾಕುವುದು ಹೇಗೆ?

ಹದಿಮೂರನೇ ಸಾಲೂ ಹಾಗೇ ಬಂದದ್ದಲ್ಲವಾ? ಅಷ್ಟು ಬುದ್ಧಿವಂತ ಕೂತು ಹನ್ನೆರಡು ಗುಣ ಹುಡುಕಿದ, ತನ್ನ ದೊಡ್ಡ ದೋಷ ಮಾತ್ರ ಕಾಣಲಿಲ್ಲ. ಗೆಳೆಯ ಬಂದು ಹೇಳಬೇಕಾಯಿತು. ನಾವು ಇದನ್ನು ದಿನವೂ ನೋಡುತ್ತೇವೆ. ತಾನು ಬರೆದ ಕೋಡಿಗೆ ತಾನೇ ಟೆಸ್ಟ್ ಬರೆದರೆ ಎಲ್ಲ ಪಾಸಾಗುತ್ತದೆ, ಏಕೆಂದರೆ ಕೋಡ್ ಬರೆಯುವಾಗ ಹೊಳೆಯದ್ದು ಟೆಸ್ಟ್ ಬರೆಯುವಾಗಲೂ ಹೊಳೆಯುವುದಿಲ್ಲ. ಅದಕ್ಕೇ ರಿವ್ಯೂಗೆ ಇನ್ನೊಬ್ಬರು ಬೇಕು.

ನನ್ನ ಮಟ್ಟಿಗೆ ಕ್ರೈಸ್ತ ವಾದದ ಬಲ ಇರುವುದು ಇಲ್ಲಿ, 'ಹೊರಗಿನಿಂದ' ಅನ್ನುವ ಪದದಲ್ಲಿ. ಎಡ್ವರ್ಡ್ಸ್, ವಿಟ್‌ಫೀಲ್ಡ್ ಎಡವಿದ್ದೂ ಇಲ್ಲೇ ಅಂತ ನನ್ನ ತಕರಾರು. ಕೃಪೆ ಹೊರಗಿನಿಂದ ಬರುತ್ತದೆ ಅಂತ ಬೋಧಿಸಿದವರು, ಆ 'ಹೊರಗು' ಮೋಡದ ಮೇಲೆ ಮಾತ್ರ ಇದೆ ಅಂದುಕೊಂಡರು. ಅಡುಗೆಮನೆಯಲ್ಲಿ ನಿಂತಿದ್ದ ವೀನಸ್ ಕೂಡ ಅವರಿಗೆ ಹೊರಗಿನಿಂದ ಬಂದ ಮಾತಾಗಬಹುದಿತ್ತು. ಎಡ್ವರ್ಡ್ಸ್‌ನ ಶಿಷ್ಯ ಸ್ಯಾಮ್ಯುಯೆಲ್ ಹಾಪ್ಕಿನ್ಸ್, ಗುಲಾಮರ ವ್ಯಾಪಾರದ ಅದೇ ನ್ಯೂಪೋರ್ಟ್‌ನಲ್ಲಿ ಪಾದ್ರಿಯಾಗಿ, ಗುಲಾಮಗಿರಿಯ ವಿರುದ್ಧ ನಿಂತ. ಎಡ್ವರ್ಡ್ಸ್‌ನ ಮಗನೇ 1791ರಲ್ಲಿ ಗುಲಾಮ ವ್ಯಾಪಾರದ ಅನ್ಯಾಯದ ಬಗ್ಗೆ ಬೋಧಿಸಿದ. ಗುರು ಓದದೆ ಬಿಟ್ಟ ಪುಟವನ್ನು ಶಿಷ್ಯ, ಮಗ ಓದಿದರು. 1937ರಲ್ಲಿ, ಹಿಟ್ಲರನ ಜರ್ಮನಿಯಲ್ಲಿ ಕೂತು, ಡೀಟ್ರಿಶ್ ಬೋನ್‌ಹಾಫರ್ 'ಅಗ್ಗದ ಕೃಪೆ' ಅಂತ ಬಯ್ದದ್ದು ಇಂಥದನ್ನೇ: ಕ್ಷಮೆ ಸಿಕ್ಕಿತು ಅಂತ ನೆಮ್ಮದಿಯಾಗಿ ಮಲಗುವುದು, ಏನೂ ಬದಲಾಗದಿರುವುದು. ಆ ಮಾತಿಗೆ ಅವನು ತನ್ನ ಜೀವವನ್ನೇ ಕೊಟ್ಟ, 1945ರಲ್ಲಿ ನಾಜಿಗಳು ಅವನನ್ನು ಗಲ್ಲಿಗೇರಿಸಿದರು.

ಪಟ್ಟಿ ಮತ್ತು ಕೃಪೆ ಎರಡೂ ಸರಿಯಾದ ಕ್ರಮದಲ್ಲಿ ಕೂತದ್ದನ್ನು ನೋಡಬೇಕಾದರೆ ಚರ್ಚಿಗೇ ಹೋಗಬೇಕಾಗಿಲ್ಲ. ಕುಡಿತ ಬಿಡಿಸುವ ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದ ಆಕ್ರಾನ್ ಊರಿನಲ್ಲಿ ಇಬ್ಬರು ಕುಡುಕರ ಭೇಟಿಯಿಂದ ಶುರುವಾಯಿತು. ಅದರ ಬೇರು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಚಳವಳಿಯಲ್ಲಿದೆ. ನಮ್ಮ ಬೆಂಗಳೂರಿನಲ್ಲೂ ಅದರ ಸಭೆಗಳು ನಡೆಯುತ್ತವೆ. ಅವರಿಗೂ ಹನ್ನೆರಡು ಮೆಟ್ಟಿಲ ಪಟ್ಟಿ ಇದೆ. ಮೊದಲನೆಯದು 'ನನ್ನ ಕೈಲಿ ಆಗುತ್ತಿಲ್ಲ' ಅಂತ ಒಪ್ಪಿಕೊಳ್ಳುವುದು. ತಪ್ಪುಗಳ ಲೆಕ್ಕ ಬರೆಯುವುದು ನಾಲ್ಕನೇ ಮೆಟ್ಟಿಲು. ಲೆಕ್ಕವನ್ನು ಇನ್ನೊಬ್ಬರ ಮುಂದೆ ಬಾಯಿಬಿಟ್ಟು ಹೇಳುವುದು ಐದನೆಯದು. ನೋಯಿಸಿದವರ ಬಳಿ ಹೋಗಿ ಸರಿಮಾಡಿಕೊಳ್ಳುವುದು ಒಂಬತ್ತನೆಯದು. ದುಡಿಮೆ ಎಲ್ಲೂ ಕಡಿಮೆಯಿಲ್ಲ. ಆದರೆ ಶುರು ಒಪ್ಪಿಗೆಯಿಂದ, ಮತ್ತು ಎದುರಿಗೆ ಯಾವಾಗಲೂ ಒಬ್ಬರು ಇರುತ್ತಾರೆ.

1790ರ ಮಾರ್ಚಿನಲ್ಲಿ ಒಬ್ಬ ಹಳೆಯ ಪರಿಚಯದವರು ಫ್ರಾಂಕ್ಲಿನ್ನನ್ನು ಯೇಸುವಿನ ಬಗ್ಗೆ ನಿನ್ನ ನಂಬಿಕೆ ಏನು ಅಂತ ಕೇಳಿದರು. ಅವನ ನೀತಿಬೋಧೆ ಲೋಕದಲ್ಲೇ ಶ್ರೇಷ್ಠ, ಅವನು ದೇವರು ಅನ್ನೋದರ ಬಗ್ಗೆ ನನಗೆ ಸಂಶಯ ಇದೆ, ಈಗ ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ, ಸ್ವಲ್ಪ ದಿನದಲ್ಲೇ ಕಷ್ಟವಿಲ್ಲದೆ ನಿಜ ಗೊತ್ತಾಗುತ್ತದಲ್ಲ ಅಂತ ಉತ್ತರ ಬರೆದ. ಮುಂದಿನ ತಿಂಗಳು ತೀರಿಕೊಂಡ. ನನಗೂ ಆ ಸಂಶಯ ಹಾಗೇ ಇದೆ. ನಾನು ದೀಕ್ಷಾಸ್ನಾನಕ್ಕೆ ಹೊರಟಿಲ್ಲ. ಆದರೆ ನನ್ನ ಪಟ್ಟಿ ನನ್ನನ್ನು ಕಾಪಾಡುತ್ತದೆ ಅನ್ನೋ ನಂಬಿಕೆ ಹೋಯಿತು.

ಆ್ಯಪನ್ನು ತೆಗೆದುಹಾಕಿಲ್ಲ. ನೀರು, ನಿದ್ದೆ, ಓದು ಅದಕ್ಕೇ ಬಿಟ್ಟಿದ್ದೇನೆ, ಅಂಥದ್ದಕ್ಕೆ ಅದು ಒಳ್ಳೆಯ ಆಳು. ಒಂಬತ್ತನೇ ಸಾಲನ್ನು ಮಾತ್ರ ಅಳಿಸಿದೆ. ಮರುವಾರ ಊರಿಗೆ ಹೋದಾಗ ಅಮ್ಮನಿಗೆ ಹೀಗ್ ಹೀಗೆ, ಅವತ್ತು ನೀನು ಮಾತಾಡ್ತಿದ್ದಾಗ ನಾನು ಟಿಕ್ ಹಾಕ್ತಿದ್ದೆ ಅಂತ ಹೇಳಿದೆ. ಅವಳಿಗೆ ಟಿಕ್ ಅಂದರೆ ಏನಂತ ಪೂರ್ತಿ ಅರ್ಥವಾಗಲಿಲ್ಲ. "ಗೊತ್ತಾಯ್ತು ಬಿಡು ಅವತ್ತೇ, ನಿನ್ ದನೀಲೇ ಇತ್ತು" ಅಂದಳು. ಆಮೇಲೆ, "ಕರು ನೋಡಿದ್ಯಾ?" ಅಂತ ಕೊಟ್ಟಿಗೆಗೆ ಕರೆದುಕೊಂಡು ಹೋದಳು.